ಗಾರೆ ತುಳಿದ ಕಾಲು

"ಇವೇನು ಕಾಲಾ, ಸುಟ್ಟ ಕೊರಡಾ?" ಅಂದಳು ಪಟ್ಟಿಯಕ್ಕ.

ಮಣೆಯ ಮೇಲೆ ಎರಡೂ ಪಾದ ಜೋಡಿಸಿಟ್ಟು ಕೂತಿದ್ದ ಮುದುಕ ತಾನೂ ಬಗ್ಗಿ ನೋಡಿದ. ತನಗೆ ಗೊತ್ತಿಲ್ಲದೆ ಬೇರೆ ಯಾರದೋ ಕಾಲು ಬಂದು ಅಲ್ಲಿ ಕೂತಿರಬಹುದೇ ಎಂಬ ಹಾಗೆ ಸ್ವಲ್ಪ ಹೊತ್ತು ನೋಡಿ, "ಕಾಲೇ ಅಕ್ಕ. ಇವುಗಳ ಮೇಲೇ ನಡ್ಕೊಂಡು ಬಂದೆ," ಅಂದ.

ಸಾಲಿನಲ್ಲಿ ಹಿಂದೆ ನಿಂತವರು ನಕ್ಕರು. ಪಟ್ಟಿಯಕ್ಕ ನಗಲಿಲ್ಲ. ಅವಳ ತೊಡೆಯ ಮೇಲೆ ಒಂದು ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆ, ಹಾಳೆಯಲ್ಲಿ ಒಂದರಿಂದ ಹನ್ನೆರಡರವರೆಗೆ ಅಂಕಿ. ಏಳು ಅಂಕಿಗಳ ಮುಂದೆ ಹೆಸರು ಬಿದ್ದಿತ್ತು. ಅವಳು ಪೆನ್ಸಿಲಿನ ಹಿಂಬದಿಯಿಂದ ಮುದುಕನ ಪಾದವನ್ನು ಮುಟ್ಟದೆ, ಮುಟ್ಟುವಷ್ಟು ಹತ್ತಿರ ಹಿಡಿದು ತೋರಿಸಿದಳು. "ಇಲ್ಲಿ ಎರಡು ಬೆರಳಿಲ್ಲ. ಹಿಮ್ಮಡಿ ಬಿರಿದು ಬಾಯಿ ಬಿಟ್ಕೊಂಡಿದೆ. ಇದೇನಿದು, ಒಸರ್ತಾ ಇದೆಯಲ್ಲ?"

"ಮುಲಾಮು ಅಕ್ಕ. ನಿಮ್ಮ ಔಷಧಿ ಕಪಾಟಿಂದೇ ಕೊಟ್ಟಿದ್ದು."

"ವಾಸನೆ ಬರುತ್ತೆ."

"ಮುಲಾಮಿಗೆ ವಾಸನೆ ಇರುತ್ತಲ್ಲ."

"ಮುಂದಿನ ವರ್ಷ ನೋಡೋಣ ತಾತ," ಅಂದು ಪಟ್ಟಿಯಕ್ಕ ಹಾಳೆಯ ಮೇಲೆ ಏನೂ ಬರೆಯದೆ, "ಮುಂದಿನವರು," ಅಂದಳು.

ಮುಂದಿನ ವರ್ಷ ನೋಡೋಣ ಅನ್ನುವುದನ್ನು ಮುದುಕ ಕೇಳಿದ್ದು ಇದು ಆರನೆಯ ವರ್ಷ. ಅವನು ಪಾದಗಳನ್ನು ಒಂದೊಂದಾಗಿ ಮಣೆಯಿಂದ ಇಳಿಸಿ, ಕೈಕೋಲು ಊರಿ ಎದ್ದ. ಮಣೆಯ ಪಕ್ಕದಲ್ಲಿ ಫಿನಾಯಿಲಿನ ಬಕೆಟ್ಟು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದವಳು ಅವನ ಮಗಳು. ಒಬ್ಬೊಬ್ಬರು ಎದ್ದ ಹಾಗೆಲ್ಲ ಮಣೆ ಒರೆಸುವುದು ಅವಳ ಕೆಲಸ. ಅವಳು ಬಟ್ಟೆ ಹಿಂಡಿದಳು, ಅಪ್ಪ ಕಾಲಿಟ್ಟಿದ್ದ ಜಾಗವನ್ನು ಒರೆಸಿದಳು.

"ಇನ್ನೊಂದ್ಸಲ ಒರೆಸು," ಅಂದಳು ಪಟ್ಟಿಯಕ್ಕ.

ಇನ್ನೊಂದು ಸಲ ಒರೆಸಿದಳು.

ಈ ಸಾಲು ನಿಂತಿದ್ದ ಮನೆಯವರು ಫಾದರುಗಳಲ್ಲ, ಸಿಸ್ಟರುಗಳೂ ಅಲ್ಲ, ಲೋಕದ ಜನವೇ. ಕೆಲವರಿಗೆ ಗಂಡ ಹೆಂಡತಿ ಮಕ್ಕಳಿದ್ದರು, ಕೆಲವರು ಒಂಟಿ. ಒಬ್ಬರು ಬ್ಯಾಂಕಿನಲ್ಲಿದ್ದವರು, ಒಬ್ಬರು ಶಾಲೆಯಲ್ಲಿ ಕಲಿಸುತ್ತಿದ್ದವರು. ಯೇಸುಸ್ವಾಮಿಯ ಹೆಸರಿನಲ್ಲಿ ಒಂದೇ ಸೂರಿನಡಿ ಬಾಳಿ, ಯುವಕರಿಗೂ ಬಡವರಿಗೂ ಸೇವೆ ಮಾಡುತ್ತೇವೆಂದು ಮಾತು ಕೊಟ್ಟು ಬಂದವರು. ಮಾತು ಉಳಿಸಿಕೊಂಡಿರಲಿಲ್ಲ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಅರವತ್ತು ಹುಡುಗ ಹುಡುಗಿಯರು ಅಲ್ಲಿದ್ದು ಬಡಗಿ ಕೆಲಸ, ಹೊಲಿಗೆ, ಟೈಪಿಂಗು ಕಲಿಯುತ್ತಿದ್ದರು. ಮಧ್ಯಾಹ್ನ ಹಿಂದಿನ ಶೆಡ್ಡಿನಲ್ಲಿ ನೂರು ಜನಕ್ಕೆ ಬಿಸಿ ಊಟ. ಜ್ವರ ಬಂದವರಿಗೆ ಗುಳಿಗೆ. ಮನೆಯಲ್ಲಿ ಯಾರೂ ಯಾರಿಗೂ ಸಾರ್, ಮೇಡಂ ಅನ್ನಬಾರದು, ಎಲ್ಲರೂ ಅಣ್ಣ ಇಲ್ಲವೇ ಅಕ್ಕ ಎಂಬುದು ಮೊದಲ ದಿನದಿಂದ ನಡೆದು ಬಂದ ನಿಯಮ. ಹಾಗಾಗಿ ಮನೆಯ ಹಿರಿಯರು ದೊಡ್ಡಣ್ಣ. ಹೊತ್ತುಹೊತ್ತಿಗೂ ಪಟ್ಟಿ ಮಾಡುವವಳು ಪಟ್ಟಿಯಕ್ಕ. ಆ ಹೆಸರು ಮಾತ್ರ ಹಿಂದಿನ ಶೆಡ್ಡಿನವರು ಇಟ್ಟದ್ದು, ಅವಳಿಗೆ ಗೊತ್ತಿರಲಿಲ್ಲ. ಬಟ್ಟೆ ಒಗೆಯುವವಳು, ಮುದುಕನ ಮಗಳು, ಸೋಪಕ್ಕ. ಎಪ್ಪತ್ತು ದಾಟಿದ ಮುದುಕ ಇಪ್ಪತ್ತಾರರ ಪಟ್ಟಿಯಕ್ಕನಿಗೆ ಅಕ್ಕ ಅನ್ನುತ್ತಿದ್ದ. ನಲವತ್ತನಾಲ್ಕರ ಸೋಪಕ್ಕನೂ ಅವಳಿಗೆ ಅಕ್ಕ ಅನ್ನುತ್ತಿದ್ದಳು. ಪಟ್ಟಿಯಕ್ಕನೂ ತಿರುಗಿ ಅಕ್ಕ ಎಂದೇ ಕರೆದು, ಆಮೇಲೆ ಇನ್ನೊಂದ್ಸಲ ಒರೆಸು ಅನ್ನುತ್ತಿದ್ದಳು.

ಸೋಪಕ್ಕ ಗಂಡ ಸತ್ತ ವರ್ಷ ಆ ಮನೆಗೆ ಬಂದವಳು. ಒಗೆಯುವ ಕಲ್ಲಿನ ಪಕ್ಕದಲ್ಲಿ, ಸೌದೆ ಇಡಲೆಂದು ಕಟ್ಟಿದ್ದ ಒಂದು ಕೋಣೆಯಿತ್ತು. ಅದರಲ್ಲಿ ಅವಳೂ ಅಪ್ಪನೂ ಇದ್ದರು. ಅರವತ್ತು ಹಾಸಿಗೆಯ ಚಾದರ, ದಿಂಬಿನ ಚೀಲ, ಅತಿಥಿಗಳು ಬಂದಾಗ ಅವರ ಟವೆಲು, ಎಲ್ಲ ಅವಳ ಕೈ ಮೇಲೆ. ವರ್ಷಕ್ಕೊಮ್ಮೆ ಕಾಲು.

ಕಾಲಿನ ವಿಷಯ ಹೀಗೆ. ಈಸ್ಟರಿಗೆ ಮುಂಚಿನ ಗುರುವಾರ ಚರ್ಚಿನಲ್ಲಿ ಫಾದರು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ. ಈ ಮನೆಯವರು ಅದನ್ನು ತಮ್ಮ ಹಜಾರದಲ್ಲಿ ತಾವೇ ಇನ್ನೊಂದು ಸಲ ಮಾಡುತ್ತಿದ್ದರು. ಚರ್ಚಿನಲ್ಲಿ ಊರ ಹಿರಿಯರ ಕಾಲು, ಇಲ್ಲಿ ಬಡವರ ಕಾಲು. ದೊಡ್ಡಣ್ಣ ಸೊಂಟಕ್ಕೆ ಟವೆಲು ಕಟ್ಟಿ, ಮೊಣಕಾಲೂರಿ, ಹನ್ನೆರಡು ಜನರ ಕಾಲು ತೊಳೆದು, ಒರೆಸಿ, ಮುತ್ತಿಡುತ್ತಿದ್ದರು. ಅದನ್ನು ನೋಡಲು ದೂರದಿಂದ ದಾನಿಗಳು ಬರುತ್ತಿದ್ದರು. ಕೆಲವರು ಅಳುತ್ತಿದ್ದರು. ತೊಳೆಸಿಕೊಂಡವರಿಗೆ ಒಂದೊಂದು ಕಂಬಳಿ, ಅವತ್ತು ರಾತ್ರಿ ಶೆಡ್ಡಿನ ಬದಲು ಮನೆಯೊಳಗಿನ ಮೇಜಿನ ಮೇಲೆ ಊಟ.

ಒಂಬತ್ತು ವರ್ಷದ ಹಿಂದೆ ಒಂದು ಎಡವಟ್ಟಾಯಿತು. ಚರ್ಮ ಹದ ಮಾಡುವವನೊಬ್ಬ ಗುಂಡಿಯಿಂದ ಎದ್ದು ನೇರ ಬಂದು ಕುರ್ಚಿಯಲ್ಲಿ ಕೂತ. ಕಾಲು ಬೋಗುಣಿಗೆ ಇಳಿದದ್ದೇ ಮುಂದಿನ ಸಾಲಿನ ಅತಿಥಿಯೊಬ್ಬಳು ಕರವಸ್ತ್ರ ಬಾಯಿಗೊತ್ತಿಕೊಂಡು ಎದ್ದಳು; ಬಾಗಿಲು ದಾಟುವಷ್ಟು ಪುರುಸೊತ್ತು ಅವಳಿಗೆ ಸಿಗಲಿಲ್ಲ. ಅಂದಿನಿಂದ, ಕಾಲು ತೊಳೆಯುವುದಕ್ಕೆ ಮುಂಚೆ ಕಾಲು ತೊಳೆಯಬೇಕು ಎಂದಾಯಿತು.

ಆ ಕೆಲಸ ಸೋಪಕ್ಕನಿಗೆ ಬಂತು. ಗುರುವಾರ ಮಧ್ಯಾಹ್ನ ಹಂಡೆಯಲ್ಲಿ ನೀರು ಕಾಯಿಸಬೇಕು. ಸೋಡಾಪುಡಿ ಹಾಕಬೇಕು. ಹನ್ನೆರಡು ಜನರನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಕಲ್ಲಿನಲ್ಲಿ ಉಜ್ಜಿ, ಬ್ರಷ್ಷಿನಲ್ಲಿ ತಿಕ್ಕಿ, ಉಗುರು ಕತ್ತರಿಸಿ, ಬೆರಳ ಸಂದಿಗೆ ಪೌಡರು ಉದುರಿಸಿ, ಕಪಾಟಿನಿಂದ ಹನ್ನೆರಡು ಜೊತೆ ಹೊಸ ಚಪ್ಪಲಿ ತೆಗೆದು ತೊಡಿಸಿ, ನೆಲ ಮುಟ್ಟದಂತೆ ಹಜಾರದ ಬಾಗಿಲವರೆಗೆ ಕಳಿಸಬೇಕು. ಚಪ್ಪಲಿ ಆಮೇಲೆ ವಾಪಸು. ಅವು ಒಂಬತ್ತು ವರ್ಷದಿಂದ ಹೊಸವೇ.

ಯಾವ ಕಾಲು ಬೇಕು ಎಂಬುದೂ ಕ್ರಮೇಣ ನಿಗದಿಯಾಯಿತು. ಹುಣ್ಣಿರಬಾರದು. ಬೆರಳು ಪೂರ್ತಿ ಇರಬೇಕು. ಹಾಗಂತ ತೀರಾ ಚೆನ್ನಾಗಿರುವ ಕಾಲೂ ಆಗದು. ಒಂದು ವರ್ಷ ಕ್ಷೌರದವನ ಕಾಲು ನೋಡಿ ಅತಿಥಿಯೊಬ್ಬರು, ಇವರು ನಿಜಕ್ಕೂ ಬಡವರಾ ಎಂದು ಕೇಳಿಬಿಟ್ಟಿದ್ದರು. ಹಾಗಾಗಿ ಸೋಮವಾರ ಸಾಲು ನಿಲ್ಲಿಸಿ ನೋಡಿ ಆರಿಸುವ ಪದ್ಧತಿ ಬಂತು.

ಸೋಪಕ್ಕನ ಅಪ್ಪ ಗಾರೆತಾತನ ಕಾಲು ಹುಟ್ಟುವಾಗ ಹಾಗಿರಲಿಲ್ಲ. ಅವನದು ಗಾರೆ ಕೆಲಸ. ಸುಣ್ಣ ಅರಳಿಸಿ, ಮರಳು ಬೆರೆಸಿ, ಗುಂಡಿಗಿಳಿದು ಕಾಲಲ್ಲಿ ತುಳಿದು ಹದ ತರುವವನು. ಗಾರೆಗೆ ಹದ ಬಂದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ, ಅಂಗಾಲಿಗೆ ಗೊತ್ತಾಗುತ್ತದೆ ಅನ್ನುತ್ತಿದ್ದ. ಹದಿನೆಂಟು ವರ್ಷದ ಹಿಂದೆ ಈ ಮನೆಯವರು ಹಜಾರ ಕಟ್ಟಿಸುವಾಗ, ಬೇಸಿಗೆಗೆ ತಂಪಾಗಿರಲಿ ಅಂತ ಸುಣ್ಣದ ಗಾರೆಯಲ್ಲೇ ಕಟ್ಟಬೇಕೆಂದರು. ಅರೆಯುವ ಯಂತ್ರ ತರುತ್ತೇನೆಂದ ಮೇಸ್ತ್ರಿಗೆ ದೊಡ್ಡಣ್ಣ, "ಯಂತ್ರ ಬೇಡ, ಕಾಲಲ್ಲಿ ತುಳಿಸಿದ್ರೆ ನಾಲ್ಕು ಬಡವರಿಗೆ ಕೆಲಸ ಸಿಗುತ್ತೆ," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ನಾಲ್ಕು ಬಡವರಿಗೆ ಹದಿಮೂರು ತಿಂಗಳು ಕೆಲಸ ಸಿಕ್ಕಿತು. ಸುಣ್ಣ ಮೊದಲು ಬೆರಳ ಸಂದಿ ತಿಂದಿತು, ಆಮೇಲೆ ಹಿಮ್ಮಡಿ. ರಬ್ಬರಿನ ಬೂಟು ತರಿಸುತ್ತೇವೆ ಅಂದಿದ್ದರು. ತರಿಸಿದರು ಕೂಡ. ಅವು ಬರುವ ಹೊತ್ತಿಗೆ ಕಟ್ಟಡ ಮುಗಿದಿತ್ತು; ಯುವಕರು ತೋಟದ ಕೆಲಸಕ್ಕೆ ಹಾಕಿಕೊಂಡರು. ನಾಲ್ವರಲ್ಲಿ ಉಳಿದವನು ಗಾರೆತಾತ ಒಬ್ಬ.

ಹಜಾರದ ಬಾಗಿಲು ತೆರೆದ ದಿನ ಕೆಲಸದವರಿಗೆಲ್ಲ ಹಿಂದಿನ ಶೆಡ್ಡಿನಲ್ಲಿ ಊಟ ಹಾಕಿದರು. ಅವತ್ತಿನಿಂದ ಗಾರೆತಾತ ಹಜಾರದ ಒಳಗೆ ಕಾಲಿಟ್ಟಿರಲಿಲ್ಲ. ಇಡಬಾರದು ಅಂತ ಯಾರೂ ಹೇಳಿರಲಿಲ್ಲ. ಬಾ ಅಂತಲೂ ಯಾರೂ ಹೇಳಿರಲಿಲ್ಲ.

"ಕಂಬಳಿ ಬೇಕಾಗಿಲ್ಲ ನಂಗೆ," ಅನ್ನುತ್ತಿದ್ದ ಮಗಳ ಹತ್ತಿರ. "ಇರೋದನ್ನೇ ಹೊದ್ದು ಮುಗಿಸೋಕಾಗಲ್ಲ. ಒಂದ್ಸಲ ಅಲ್ಲಿ ಕೂತು ನೋಡ್ಬೇಕು. ಕೂತು, ಕಾಲು ಚಾಚಿ. ಸಾಯೋದ್ರೊಳಗೆ."

ಮಂಗಳವಾರ ಅವನು ಮಗಳಿಗೂ ಹೇಳದೆ ದೊಡ್ಡಣ್ಣನ ಕೋಣೆಗೆ ಹೋಗಿ ಬಂದ. ಸೋಪಕ್ಕ ಚಾದರ ಹಿಂಡುತ್ತಾ ಅವನು ಆ ಬಾಗಿಲಿಂದ ಬರುವುದನ್ನು ನೋಡಿದ್ದಳು. ಮುದುಕ ಕೋಲು ಗೋಡೆಗೆ ಆನಿಸಿ ಚಾದರದ ಇನ್ನೊಂದು ತುದಿ ಹಿಡಿದುಕೊಂಡ. ಇಬ್ಬರೂ ಎದುರುಬದುರು ನಿಂತು ತಿರುಚಿದರು.

"ಏನಂದ್ರು?"

"ಎದ್ದು ಬಂದು ಎರಡೂ ಕೈ ಹಿಡ್ಕೊಂಡ್ರು. ಕಣ್ಣಲ್ಲಿ ನೀರು ಬಂತು ಅವ್ರಿಗೆ."

"ಅದಿರ್ಲಿ, ಏನಂದ್ರು?"

"ತಾತ, ನಿಮ್ಮ ಕಾಲನ್ನ ದೇವರೇ ತೊಳೆದುಬಿಟ್ಟಿದ್ದಾನೆ, ನಾನು ಯಾರು ತೊಳೆಯೋಕೆ ಅಂದ್ರು."

ಸೋಪಕ್ಕ ಚಾದರ ಕೊಡವಿದಳು.

"ನಾನೂ ಬರ್ತಾ ದಾರೀಲೆಲ್ಲ ಯೋಚನೆ ಮಾಡ್ದೆ," ಅಂದ ಮುದುಕ. "ದೇವರು ಯಾವಾಗ ಬಂದು ತೊಳೆದ್ನೋ ಗೊತ್ತೇ ಆಗ್ಲಿಲ್ಲ ಮಗಾ. ನಿದ್ದೆ ಹತ್ತಿತ್ತು ಅನ್ಸುತ್ತೆ. ಸರಿಯಾಗೂ ತೊಳೆದಿಲ್ಲ."

"ಅವರಿಗೆ ಹೇಳಬೇಕಿತ್ತು ಇದನ್ನ."

"ಅಳ್ತಾ ಇದ್ರಲ್ಲ. ಅಳೋರ ಹತ್ರ ಏನು ವಾದ."

ಮೂರು ವರ್ಷದ ಹಿಂದೆ ಮುದುಕನಿಗೆ ನ್ಯುಮೋನಿಯಾ ಆದಾಗ ಇದೇ ದೊಡ್ಡಣ್ಣ ತಮ್ಮ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಸೋಪಕ್ಕ ಅದನ್ನು ಮರೆತವಳಲ್ಲ. ಪಟ್ಟಿಯಕ್ಕನ ಮೇಲಾದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ದೊಡ್ಡಣ್ಣನ ಮೇಲೆ ಸಿಟ್ಟು ಬಂದಾಗಲೆಲ್ಲ ಆ ಗಾಡಿ ಅಡ್ಡ ಬಂದು ನಿಲ್ಲುತ್ತಿತ್ತು. ಅವಳು ಚಾದರವನ್ನು ಹಗ್ಗಕ್ಕೆ ಹಾಕಿ, ತುದಿ ಎಳೆದು ಸರಿ ಮಾಡಿ, ಮುಂದಿನದನ್ನು ಬಕೆಟ್ಟಿನಿಂದ ಎತ್ತಿದಳು.

ಗುರುವಾರ ಮೂರು ಗಂಟೆಗೆ ಹಂಡೆಯ ನೀರು ಮರಳಿತು. ಆರಿಸಿದವರು ಒಬ್ಬೊಬ್ಬರಾಗಿ ಹಿಂದಿನ ಗೇಟಿನಿಂದ ಬಂದರು. ಅರ್ಧ ದಿನ ಕೆಲಸ ಮಾಡಿ ನೇರ ಬಂದವರೇ ಹೆಚ್ಚು. ಸೋಪಕ್ಕ ಅವರಲ್ಲಿ ಅರ್ಧ ಜನರನ್ನು ಮುಖಕ್ಕಿಂತ ಕಾಲಿನಿಂದ ಬಲ್ಲಳು. ರಸ್ತೆಗೆ ಡಾಂಬರು ಹಾಕುವವಳ ಅಂಗಾಲು ಕಪ್ಪಗೆ, ದಪ್ಪಗೆ, ಚಪ್ಪಲಿಯ ಅಟ್ಟೆಯ ಹಾಗೆ. ಚಿಂದಿ ಆಯುವ ಅಜ್ಜಿಯದು ಗಾಜು ಗೀರಿದ ಗೆರೆಗಳೇ. ಚರ್ಮದವನದು ಹಳದಿ, ಅದು ಎಷ್ಟು ತಿಕ್ಕಿದರೂ ಹೋಗುವ ಬಣ್ಣವಲ್ಲ. ಕೊಡೆ ರಿಪೇರಿಯವನದು ಸಣ್ಣ, ಅಂಜುಬುರುಕ ಕಾಲು, ಮುಟ್ಟಿದರೆ ಹಿಂದಕ್ಕೆಳೆದುಕೊಳ್ಳುತ್ತದೆ.

ಡಾಂಬರಿನವಳು ಮೊದಲು ಕಲ್ಲಿನ ಮೇಲೆ ಕೂತು ಒಂದು ಕಾಲು ಚಾಚಿದಳು. ಸೋಪಕ್ಕ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಡಾಂಬರು ಬಿಡಿಸತೊಡಗಿದಳು.

"ಮೆತ್ತಗೆ ತಿಕ್ಕೇ ಮುಂಡೇದೆ, ಚರ್ಮ ನಂದು."

"ಚರ್ಮ ಎಲ್ಲಿದೆ ತೋರ್ಸು, ಬಿಟ್ಟು ತಿಕ್ತೀನಿ."

"ನನ್ನ ಗಂಡನೂ ಇಷ್ಟು ಹೊತ್ತು ನನ್ನ ಕಾಲು ಹಿಡಿದೋನಲ್ಲ ನೋಡು," ಅಂದಳು ಡಾಂಬರಿನವಳು ಸುತ್ತಲಿನವರಿಗೆ. "ಆ ಬೋಳಿಮಗ ಹಿಡಿದಿದ್ದು ಒಂದೇ ಸಲ. ಓಡಿ ಹೋಗ್ತಾ ಇದ್ದೆ, ಎಳೆದು ಬೀಳಿಸೋಕೆ."

ಕಲ್ಲಿನ ಸುತ್ತ ಕೂತವರು ನಕ್ಕರು. ಸೌದೆ ಕೋಣೆಯ ಹೊಸಿಲ ಮೇಲೆ ಕೂತಿದ್ದ ಗಾರೆತಾತನೂ ನಕ್ಕ. ಆಗ ಪಟ್ಟಿಯಕ್ಕ ಹಾಳೆ ಹಿಡಿದು ಬಂದಳು. ತಲೆ ಎಣಿಸಿದಳು. ಮತ್ತೆ ಎಣಿಸಿದಳು.

"ಹನ್ನೊಂದೇ ಇದ್ದೀರಿ. ಮೂಟೆಯವನು ಎಲ್ಲಿ?"

"ಗೋದಾಮಿಗೆ ಎರಡು ಲಾರಿ ಬಂದ್ವು ಅಕ್ಕ, ಅಲ್ಲಿಗೆ ಹೋದ," ಅಂದ ಚರ್ಮದವನು. "ಕೆಲಸ ಬಿಟ್ಟು ಬರೋಕಾಗಲ್ಲ ಅಂತ ಹೇಳಿ ಅಂದ."

"ಇವತ್ತೇ ಕೆಲಸ ಬರ್ಬೇಕಾ ಅವನಿಗೆ? ಮೊದಲೇ ಹೇಳ್ಬಾರ್ದಾ?" ಪಟ್ಟಿಯಕ್ಕ ಹಾಳೆಯ ಮೇಲೆ ಒಂದು ಗೆರೆ ಎಳೆದಳು. "ಅತಿಥಿಗಳು ಆಗ್ಲೇ ಬಂದು ಕೂತಿದ್ದಾರೆ. ಹನ್ನೊಂದು ಜನ ಶಿಷ್ಯರು ಅಂದ್ರೆ ಏನರ್ಥ?"

ಹೊಸಿಲ ಮೇಲೆ ಗಾರೆತಾತ ಕೂತಲ್ಲೇ ಸ್ವಲ್ಪ ನೆಟ್ಟಗಾದ. ಅಷ್ಟೆ, ಕೈ ಎತ್ತಲಿಲ್ಲ. ಸೋಪಕ್ಕ ಬಟ್ಟೆ ಕೆಳಗಿಟ್ಟು, "ಅಪ್ಪ ಇದ್ದಾನಲ್ಲ ಅಕ್ಕ," ಅಂದಳು.

ಪಟ್ಟಿಯಕ್ಕ ಹೊಸಿಲ ಕಡೆ ನೋಡಲೇ ಇಲ್ಲ. "ಅಯ್ಯೋ ಅಕ್ಕ, ಅದು ಗೊತ್ತಿರೋ ವಿಷ್ಯಾನೇ ಅಲ್ವಾ? ದೊಡ್ಡಣ್ಣ ಮುತ್ತಿಡಬೇಕು. ಸ್ವಲ್ಪ ಅವರ ಬಗ್ಗೇನೂ ಯೋಚನೆ ಮಾಡು." ಒಂದು ಗಳಿಗೆ ಪೆನ್ಸಿಲು ಕಚ್ಚಿದಳು. "ಗಿಟಾರಣ್ಣನ್ನ ಕೂರಿಸ್ತೀನಿ. ಶೆಡ್ಡಲ್ಲಿ ಯಾವುದಾದ್ರೂ ಹರಿದ ಅಂಗಿ ಇದ್ರೆ ಕೊಡು."

ಗಿಟಾರಣ್ಣ ಅಂದರೆ ಆ ಮನೆಯವನೇ. ಯುವಕರಿಗೆ ಹಾಡು ಕಲಿಸುವ ಇಪ್ಪತ್ತನಾಲ್ಕರ ಹುಡುಗ. ಅವನಪ್ಪನಿಗೆ ಪೇಟೆಯಲ್ಲಿ ಎರಡು ಅಂತಸ್ತಿನ ಮನೆಯಿತ್ತು.

"ಅವನ ಕಾಲು ಬೆಳ್ಳಗಿದೆಯಲ್ಲ ಅಕ್ಕ," ಅಂದ ಕೊಡೆಯವನು, ನಿಜವಾಗಿ ಚಿಂತೆಯಿಂದ.

"ಸ್ವಲ್ಪ ಮಣ್ಣು ಹಚ್ಕೋತಾನೆ," ಅಂದಳು ಪಟ್ಟಿಯಕ್ಕ. "ನಾಲ್ಕೂವರೆಗೆ ಎಲ್ಲ ರೆಡಿ ಇರ್ಬೇಕು. ಕಾಲೆಲ್ಲ ಚೊಕ್ಕಟವಾಗಿರ್ಲಿ." ಹೋದಳು.

ಸೋಪಕ್ಕ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ಡಾಂಬರಿನವಳ ಒಂದು ಕಾಲು ತೊಳೆದಾಗಿತ್ತು, ಇನ್ನೊಂದು ಹಾಗೇ ಇತ್ತು. ಸೋಪಕ್ಕ ಎದ್ದು ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಮೂಲೆಯಲ್ಲಿ ಗಂಟು ಕಟ್ಟಿಟ್ಟಿದ್ದ ಅತಿಥಿಗಳ ಚಾದರಗಳನ್ನು ಎತ್ತಿ ತಂದಳು. ಗಂಟು ಬಿಚ್ಚಿ ಒಂದೊಂದನ್ನೇ ಹಂಡೆಯ ಬಿಸಿನೀರಿಗೆ ಇಳಿಸಿದಳು. ಕೋಲಿನಿಂದ ಅದುಮಿದಳು. ಹಂಡೆ ತುಂಬಿತು.

"ಏನೇ ಇದು?" ಅಂದಳು ಚಿಂದಿಯಜ್ಜಿ.

"ಒಗೆಯೋದು. ನನ್ನ ಕೆಲಸ ಅದೇ ಅಲ್ವಾ?"

"ನಮ್ಮ ಕಾಲು?"

"ದೊಡ್ಡಣ್ಣ ತೊಳೀತಾರಂತಲ್ಲ. ತೊಳೀಲಿ."

ಮೊದಲು ನಕ್ಕವಳು ಡಾಂಬರಿನವಳು. ತೊಳೆದಿದ್ದ ಕಾಲನ್ನು ಕಲ್ಲಿನಿಂದ ಇಳಿಸಿ, ಒಲೆಯ ಪಕ್ಕದ ಬೂದಿ ಕೆಸರಿನಲ್ಲಿ ಇಟ್ಟು ಚೆನ್ನಾಗಿ ತುಳಿದಳು. "ಜೋಡಿ ಸರಿ ಇರ್ಲಿ. ಒಂದು ಹೆಣ್ಣು ಒಂದು ಗಂಡು ಆಗೋದು ಬೇಡ."

"ಊಟ ತಪ್ಪಿದ್ರೆ?" ಅಂದ ಕೊಡೆಯವನು. "ಕಂಬಳಿ ಕೊಡ್ಲಿಲ್ಲ ಅಂದ್ರೆ?"

"ಕೊಡ್ತಾರೋ, ಎಲ್ಲರ ಮುಂದೆ ಕೊಡದೆ ಏನು ಮಾಡ್ತಾರೆ," ಅಂದಳು ಡಾಂಬರಿನವಳು.

"ನಾಳೆಯಿಂದ ಶೆಡ್ಡಿಗೆ ಸೇರಿಸ್ಲಿಲ್ಲ ಅಂದ್ರೆ?"

ಕೊಡೆಯವನು ಹಂಡೆಯನ್ನೊಮ್ಮೆ, ಗೇಟನ್ನೊಮ್ಮೆ ನೋಡಿದ. ಆಮೇಲೆ ಯಾರ ಮುಖವನ್ನೂ ನೋಡದೆ ನಲ್ಲಿಯ ಹತ್ತಿರ ಹೋಗಿ ತನ್ನ ಕಾಲನ್ನು ತಾನೇ ತೊಳೆದುಕೊಂಡ. ಅವನಿಗೆ ಮನೆಯಲ್ಲಿ ನಾಲ್ಕು ಮಕ್ಕಳಿದ್ದವು. ಸೋಪಕ್ಕ ಅವನಿಗೆ ಒಣ ಟವೆಲು ಕೊಟ್ಟಳು.

ಆಮೇಲೆ ಹೊಸಿಲ ಕಡೆ ತಿರುಗಿದಳು. "ಅಪ್ಪ, ಶರ್ಟು ಹಾಕ್ಕೋ."

"ಪಟ್ಟೀಲಿ ನಾನಿಲ್ಲ."

"ಪಟ್ಟಿಗಿಷ್ಟು ಬೆಂಕಿ ಹಾಕ. ಹಾಕ್ಕೋ."

ಮುದುಕ ಒಳಗೆ ಕೋಣೆಯನ್ನು ಒಮ್ಮೆ ನೋಡಿದ. ಎರಡು ಚಾಪೆ, ಒಂದು ಸ್ಟವ್ವು, ಗೋಡೆಗೆ ಹೊಡೆದ ಮೊಳೆಗಳು. "ಈ ಕೋಣೆ ಹೋಗುತ್ತೆ ಮಗಾ."

"ಹೋಗುತ್ತೆ."

"ನಿನ್ನ ಕೆಲಸ?"

"ಅದೂ ಹೋಗುತ್ತೆ."

ಮುದುಕ ಲೆಕ್ಕ ಹಾಕುವವನ ಹಾಗೆ ಗಲ್ಲ ಕೆರೆದುಕೊಂಡ. "ಅಷ್ಟೆಲ್ಲಾ ಹೋಗೋದಾದ್ರೆ," ಅಂದ, "ಒಳ್ಳೇ ಶರ್ಟೇ ಹಾಕ್ಕೊಳ್ಳೋಣ. ಟ್ರಂಕಲ್ಲಿದೆ ತಗಿ."

ಹಜಾರದಲ್ಲಿ ಮೂರು ಸಾಲು ಅತಿಥಿಗಳು, ಹಿಂದೆ ಬೆಂಚುಗಳ ಮೇಲೆ ಅರವತ್ತು ಹುಡುಗ ಹುಡುಗಿಯರು. ಎದುರಿಗೆ ಅರ್ಧಚಂದ್ರದ ಹಾಗೆ ಹನ್ನೆರಡು ಕುರ್ಚಿ, ಬಿಳಿ ಬಟ್ಟೆ ಹೊದಿಸಿದವು. ಹನ್ನೊಂದು ಜನ ಒಳಗೆ ಬಂದು ಕೂತಾಗ ಪಟ್ಟಿಯಕ್ಕ ಬಾಗಿಲಲ್ಲಿ ಅತಿಥಿಯೊಬ್ಬರಿಗೆ ಹಾಡಿನ ಹಾಳೆ ಕೊಡುತ್ತಿದ್ದಳು. ಹೊಸ ಚಪ್ಪಲಿಯೊಳಗೆ ಏನಿದೆಯೆಂದು ಅವಳು ನೋಡಲಿಲ್ಲ. ಹನ್ನೆರಡನೆಯ ಕುರ್ಚಿಯಲ್ಲಿ ಗಿಟಾರಣ್ಣ ಆಗಲೇ ಕೂತಿದ್ದ. ಶೆಡ್ಡಿನಿಂದ ಹುಡುಕಿ ತಂದ ಅಂಗಿ ಹೆಗಲ ಹತ್ತಿರ ಹರಿದಿತ್ತು. ಕಾಲಿಗೆ ಹೂವಿನ ಕುಂಡದ ಮಣ್ಣು ಹಚ್ಚಿಕೊಂಡಿದ್ದ, ಹಿತಮಿತವಾಗಿ. ಹಿಂದಿನ ಬೆಂಚುಗಳಲ್ಲಿ ಯಾರೋ ಕಿಸಕ್ಕೆಂದರು. ಗಿಟಾರು ಇಲ್ಲದೆ ಹಾಡು ಶುರುವಾಗಿತ್ತು.

ಆಗ ಸೋಪಕ್ಕ ಮುಂದಿನ ಬಾಗಿಲಿನಿಂದ ಅಪ್ಪನ ಕೈ ಹಿಡಿದು ಒಳಗೆ ಬಂದಳು. ಪಟ್ಟಿಯಕ್ಕ ತಡೆಯಲು ಕೈ ಚಾಚಿದವಳು ಅತಿಥಿಗಳು ನೋಡುತ್ತಿರುವುದು ಕಂಡು ಹಿಂದಕ್ಕೆಳೆದುಕೊಂಡಳು. ಮುದುಕ ಹೊಸಿಲ ಹತ್ತಿರ ತನ್ನ ಚಪ್ಪಲಿ ಬಿಟ್ಟ. ಬರಿಗಾಲಲ್ಲಿ ಎರಡು ಹೆಜ್ಜೆ ಇಟ್ಟು ನಿಂತ. ಅಂಗಾಲಿಂದ ನೆಲವನ್ನು ಒಮ್ಮೆ ಸವರಿದ. "ತಣ್ಣಗಿದೆ," ಅಂದ ಮಗಳಿಗೆ. ಎಲ್ಲರಿಗೂ ಕೇಳಿಸಿತು. ಹಾಡು ಸ್ವಲ್ಪ ಎಡವಿ ಮತ್ತೆ ಮುಂದುವರಿಯಿತು.

ಇಬ್ಬರೂ ಕುರ್ಚಿಗಳ ಸಾಲಿನ ಕೊನೆಗೆ ಬಂದು ನಿಂತರು.

"ಏಳಪ್ಪ," ಅಂದಳು ಸೋಪಕ್ಕ. "ಇವನು ಕೂತ್ಕೋಬೇಕು."

ಗಿಟಾರಣ್ಣ ಅತ್ತಿತ್ತ ನೋಡಿದ. "ಅಕ್ಕ, ಈಗ ಬೇಡ," ಅಂದ ಸಣ್ಣ ದನಿಯಲ್ಲಿ. "ಪಟ್ಟಿ..." ಅಂದು ನಿಲ್ಲಿಸಿದ. ಮುಂದೆ ಹೇಳಲು ಅವನಿಗೆ ದಾರಿಯಿರಲಿಲ್ಲ. ನಾನು ಈ ಮನೆಯವನು, ಬಡವ ಕಡಿಮೆ ಬಿದ್ದದ್ದಕ್ಕೆ ಕೂತಿದ್ದೇನೆ ಅಂತ ಮೂರು ಸಾಲು ಅತಿಥಿಗಳ ಎದುರು ಹೇಳುವ ಹಾಗಿರಲಿಲ್ಲ.

ಮುಂದಿನ ಸಾಲಿನಲ್ಲಿ ಬೆಳ್ಳಿಕೂದಲಿನ ಹೆಂಗಸೊಬ್ಬರು ಕೂತಿದ್ದರು. ಪ್ರತಿ ವರ್ಷ ಬರುವವರು, ದೊಡ್ಡ ದಾನಿ. ಅವರು ಬಗ್ಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: "ವಯಸ್ಸಾದವರು ನಿಂತಿದ್ದಾರಲ್ಲಪ್ಪ, ಜಾಗ ಬಿಡು. ಬಡತನ ಇರಬಹುದು, ಮರ್ಯಾದೆ ಇರಬೇಕಲ್ವಾ."

ಗಿಟಾರಣ್ಣ ಎದ್ದ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಹರಿದ ಅಂಗಿಯಲ್ಲೇ ಹೋಗಿ ಕಿಟಕಿಯ ಪಕ್ಕ ನಿಂತ. ಗಾರೆತಾತ ಬಿಳಿ ಬಟ್ಟೆಯನ್ನು ಕೈಯಿಂದ ಒಂದು ಸಲ ಒತ್ತಿ ನೋಡಿ, ಕೂತ. ಕಾಲು ಚಾಚಿದ. ಸೋಪಕ್ಕ ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

ದೊಡ್ಡಣ್ಣ ಸೊಂಟಕ್ಕೆ ಟವೆಲು ಕಟ್ಟಿ ಬಂದರು. ಮೊದಲನೆಯ ಕುರ್ಚಿ ಕೊಡೆಯವನದು. ಬಲಗಾಲನ್ನು ಬೋಗುಣಿಗೆ ಇಳಿಸಿ, ಹೂಜಿಯಿಂದ ನೀರು ಹೊಯ್ದು, ಒರೆಸಿ, ಮುತ್ತಿಟ್ಟರು. ಒಬ್ಬೊಬ್ಬರದು ಬಲಗಾಲು ಮಾತ್ರ, ಅದು ಕ್ರಮ. ಎರಡನೆಯ ಕುರ್ಚಿಯ ಚರ್ಮದವನು ಚಪ್ಪಲಿಯಿಂದ ಕಾಲು ಹೊರತೆಗೆದಾಗ ವಾಸನೆ ಮೊದಲ ಸಾಲನ್ನು ದಾಟಿ ಎರಡನೆಯದಕ್ಕೆ ಹೋಯಿತು. ದೊಡ್ಡಣ್ಣ ತಲೆಯೆತ್ತಿ ಅವನ ಮುಖ ನೋಡಿದರು. ಅವನು ದೊಡ್ಡಣ್ಣನ ಮುಖ ನೋಡಿದ. "ಗುಂಡಿಯಿಂದ ಬಂದೆ ಅಣ್ಣ," ಅಂದ. ದೊಡ್ಡಣ್ಣ ತೊಳೆದರು. ನೀರು ಹಳದಿಯಾಯಿತು. ಮುತ್ತಿಟ್ಟರು, ಸ್ವಲ್ಪ ಮೇಲಕ್ಕೆ, ಕಣಕಾಲಿನ ಹತ್ತಿರ.

ಮೂರನೆಯವಳು ಡಾಂಬರಿನವಳು. ಅಲ್ಲಿಂದ ಮುಂದೆ ಮುತ್ತು ಗಾಳಿಗೆ ಬಿತ್ತು.

ಪ್ರತಿ ಮೂವರಿಗೊಮ್ಮೆ ಬೋಗುಣಿಯ ನೀರು ಬದಲಿಸಿ ಹೊಸ ಟವೆಲು ಕೊಡುವುದು ಸೋಪಕ್ಕನ ಕೆಲಸ. ಪಕ್ಕದ ಬಾಗಿಲಲ್ಲಿ ಕಣ್ಣಿಗೆ ಬೀಳದಂತೆ ನಿಂತಿರುತ್ತಿದ್ದಳು. ದೊಡ್ಡಣ್ಣ ಆ ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಪಟ್ಟಿಯಕ್ಕ ಎರಡು ಹೂಜಿ ಹಿಡಿದು ಹಿಂದಕ್ಕೆ ಓಡಿದಳು. ಹಂಡೆಯೊಳಗೆ ಚಾದರ ಕಂಡು ಖಾಲಿ ಹೂಜಿಯೊಂದಿಗೆ ತಿರುಗಿ ಬಂದಳು. ನಲ್ಲಿಯ ನೀರು ಹಿಡಿಯಬಹುದಿತ್ತು. ಅದು ಅವಳಿಗೆ ಹೊಳೆಯಲಿಲ್ಲ. ಹೂಜಿಯನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು.

ಅದೇ ನೀರಿನಲ್ಲಿ ನಾಲ್ಕು, ಐದು, ಆರು. ಚಿಂದಿಯಜ್ಜಿಯದು ಏಳು. ಫೋಟೋ ತೆಗೆಯುವವನು ಎಂಟನೆಯದಕ್ಕೆ ಕ್ಯಾಮೆರಾ ಇಳಿಸಿದ. ಹತ್ತರ ಹೊತ್ತಿಗೆ ಟವೆಲಿನಲ್ಲಿ ಒಣ ಜಾಗ ಉಳಿದಿರಲಿಲ್ಲ. ಹಾಡಿನ ನಾಲ್ಕು ಚರಣ ಮುಗಿದು ಮತ್ತೆ ಮೊದಲಿನಿಂದ ಶುರುವಾಗಿತ್ತು. ಬೆಂಚುಗಳ ಮೇಲಿನ ಹುಡುಗರು ಹಾಡುತ್ತಲೇ ಕತ್ತು ಉದ್ದ ಮಾಡಿ ಕೊನೆಯ ಕುರ್ಚಿಯನ್ನು ನೋಡುತ್ತಿದ್ದರು.

ದೊಡ್ಡಣ್ಣ ಬೋಗುಣಿಯನ್ನು ನೆಲದ ಮೇಲೆ ತಳ್ಳಿಕೊಂಡು ಹನ್ನೆರಡನೆಯ ಕುರ್ಚಿಗೆ ಬಂದರು. ಅವರ ಮೊಣಕಾಲಿನ ಹತ್ತಿರ ಬಟ್ಟೆ ಒದ್ದೆಯಾಗಿ ಕಪ್ಪಾಗಿತ್ತು. ತಲೆಯೆತ್ತಿದರು.

"ತಾತ," ಅಂದರು, ತುಟಿ ಮಾತ್ರ ಅಲ್ಲಾಡಿಸಿ. "ನೀವಾ?"

"ಹೂಂ ಅಣ್ಣ. ನಾನೇ."

"ನಾನು ಹೇಳಿದ್ದೆನಲ್ಲ..."

"ಹೇಳಿದ್ರಿ. ದೇವರು ತೊಳೆದಿದ್ದು ಕಾಣ್ತಿಲ್ಲ ಅಣ್ಣ, ಒಂದ್ಸಲ ನೀವೇ ನೋಡಿ."

ಬೆಳ್ಳಿಕೂದಲಿನ ಹೆಂಗಸು ಕನ್ನಡಕ ಹಾಕಿಕೊಂಡರು. ದೊಡ್ಡಣ್ಣ ಮುದುಕನ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದರು. ಬೆರಳಿಲ್ಲದ ಜಾಗವನ್ನು, ಬಿರಿದ ಹಿಮ್ಮಡಿಯನ್ನು ಅವರು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು. ಹೂಜಿಯ ತಳದಲ್ಲಿ ಉಳಿದಿದ್ದ ನೀರನ್ನು ಮೆಲ್ಲಗೆ ಹೊಯ್ದರು. ಮೆಲ್ಲಗೇ ತೊಳೆದರು, ಅದರಲ್ಲಿ ಸೋಪಕ್ಕನಿಗೆ ತಪ್ಪು ಕಾಣಲಿಲ್ಲ. ಟವೆಲು ಒತ್ತಿದರು. ತಲೆ ಬಗ್ಗಿಸಿದರು. ತುಟಿ ತಾಗಿತೋ ಇಲ್ಲವೋ ಪಕ್ಕದಲ್ಲೇ ಕೂತಿದ್ದ ಅವಳಿಗೂ ತಿಳಿಯಲಿಲ್ಲ. ತಲೆ ಎತ್ತಿದಾಗ ಅವರ ಕಣ್ಣು ಒದ್ದೆಯಾಗಿತ್ತು. ಮುಂದಿನ ಸಾಲಿನಲ್ಲಿ ಯಾರೋ ಮೂಗು ಸೇದಿಕೊಂಡರು. ಹಾಡು ನಿಲ್ಲಿಸಲು ಕೈಸನ್ನೆ ಮಾಡಿ ದೊಡ್ಡಣ್ಣ ಏಳಹೊರಟರು.

ಮುದುಕ ಎಡಗಾಲನ್ನು ಎತ್ತಿ ಬೋಗುಣಿಯೊಳಗೆ ಇಟ್ಟ.

"ಇದೂ ಗುಂಡಿಗಿಳಿದಿತ್ತು ಅಣ್ಣ," ಅಂದ. "ಒಂಟಿ ಕಾಲಲ್ಲಿ ತುಳಿಯೋಕಾಗಲ್ಲ."

ಹಾಡು ನಿಂತಿತ್ತು. ದೊಡ್ಡಣ್ಣ ಪೂರ್ತಿ ಎದ್ದಿರಲಿಲ್ಲ, ಕೂತೂ ಇರಲಿಲ್ಲ. ಒಂದು ಮೊಣಕಾಲು ನೆಲದ ಮೇಲಿತ್ತು, ಇನ್ನೊಂದು ಮೇಲಿತ್ತು. ಹೂಜಿ ಖಾಲಿಯಿತ್ತು. ಅರವತ್ತು ಹುಡುಗ ಹುಡುಗಿಯರಲ್ಲಿ ಯಾರೋ ಒಬ್ಬರು ಎದ್ದು ನಿಂತರು, ಸರಿಯಾಗಿ ಕಾಣಲೆಂದು. ಅವರ ಹಿಂದಿನವರೂ ಎದ್ದರು. ಗಾರೆತಾತ ಕುರ್ಚಿಗೆ ಬೆನ್ನು ಆನಿಸಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕಾದ. ಅವನಿಗೆ ಅವಸರವೇನೂ ಇರಲಿಲ್ಲ.